ಉರಿಯದ ನೂಲಿನ ಕಂಪನಿ

ಷೇರುಪೇಟೆಗೆ ಭಾನುವಾರ ರಜ. ಅವತ್ತು ಬೆಲೆ ಏರುವುದಿಲ್ಲ, ಇಳಿಯುವುದೂ ಇಲ್ಲ. ಕನಸು ಕಾಣುವುದಕ್ಕೆ ಅದಕ್ಕಿಂತ ಒಳ್ಳೆಯ ದಿನ ಇನ್ನೊಂದಿಲ್ಲ ಅಂತ ನನಗೆ ಗೊತ್ತಾಗಿದ್ದು ಕೊಳ್ಳೇಗಾಲದ ನಮ್ಮ ಭಾವನ ಶೆಡ್ಡಿನಲ್ಲಿ. ಯಳಂದೂರಿನಿಂದ ಬೆಳಗಿನ ಬಸ್ಸು ಹಿಡಿದು ನಾನು ಅಲ್ಲಿಗೆ ಹೋಗುತ್ತಿದ್ದೆ. ಹನೂರು ಕಡೆಯ ಬಂಡಳ್ಳಿಯಿಂದ ಜೋಳದ ವ್ಯಾಪಾರಿಯೊಬ್ಬರು ಬೈಕಿನಲ್ಲಿ ಬರುತ್ತಿದ್ದರು. ಭಾವನಂತೂ ಅಲ್ಲೇ ಇರುತ್ತಿದ್ದರು. ಮೂವರೂ ಬಾಗಿಲ ಪಕ್ಕದ ಕಲ್ಲುಚಪ್ಪಡಿಯ ಮೇಲೆ ಕೂತು, ನಮ್ಮಲ್ಲಿ ಯಾರೂ ಕಣ್ಣಿಂದ ನೋಡದ ಒಂದು ಕಂಪನಿಯ ವಿಷಯ ಮಾತಾಡುತ್ತಿದ್ದೆವು.

ಭಾವನದು ರೇಷ್ಮೆ ನೂಲು ಬಿಚ್ಚುವ ಶೆಡ್ಡು. ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಬೇಸಿನ್ನಿನ ಬಿಸಿನೀರಿಗೆ ಹಾಕಿ, ಬೆರಳಲ್ಲಿ ಎಳೆ ಹುಡುಕಿ, ಏಳೆಂಟು ಎಳೆ ಸೇರಿಸಿ ರಾಟೆಗೆ ಬಿಡುವ ಕೆಲಸ. ಹಬೆ ಯಾವಾಗಲೂ ತೊಲೆಯವರೆಗೆ ತುಂಬಿಕೊಂಡಿರುತ್ತದೆ. ಬೆಂದ ಹುಳುವಿನ ವಾಸನೆಗೆ ಹೊಸಬರ ಹೊಟ್ಟೆ ತೊಳಸುತ್ತದೆ. ನಮಗೆ ಅಭ್ಯಾಸ. ಹಬೆಯಲ್ಲಿ ಕೂತು ಮಾತಾಡಿದರೆ ಮಾತಿನ ಅಂಚೂ ಸ್ವಲ್ಪ ಮೆತ್ತಗಾಗುತ್ತದೆ. ಹೊರಗೆ ಬಿಸಿಲಲ್ಲಿ ನಗು ಬರಿಸುವಂಥ ಸಂಗತಿಗಳು ಒಳಗೆ ಆಗಬಹುದೇನೋ ಅನ್ನಿಸುತ್ತವೆ.

ಕಂಪನಿ ಎಲ್ಲೋ ದೂರದ ರಾಜ್ಯದ್ದು. ಚಿಕ್ಕದು. ಇಂಗಾಲದಿಂದ ನೂಲು ಮಾಡುತ್ತದೆ, ಕಾರ್ಬನ್ ಫೈಬರ್ ಅನ್ನುತ್ತಾರಲ್ಲ, ಅದು. ಕೂದಲಿಗಿಂತ ತೆಳ್ಳಗೆ, ತೂಕಕ್ಕೆ ತೂಕ ಹಾಕಿದರೆ ಉಕ್ಕಿಗಿಂತ ಗಟ್ಟಿ. ವಿಮಾನದ ರೆಕ್ಕೆಗೆ ಹಾಕುತ್ತಾರೆ, ರಾಕೆಟ್ಟಿಗೆ ಹಾಕುತ್ತಾರೆ. ಅದನ್ನು ಈ ಕಂಪನಿಯವರು ಇನ್ನೊಂದು ಹೊಸ ರೀತಿಯಲ್ಲಿ, ಕಡಿಮೆ ಖರ್ಚಿನಲ್ಲಿ ಮಾಡುತ್ತಾರಂತೆ. ಈ ಸುದ್ದಿ ತಂದವರು ಜೋಳದ ವ್ಯಾಪಾರಿ. ಬೇರೆ ಯಾವ ಕಂಪನಿಯ ಹೆಸರು ಹೇಳಿದ್ದರೂ ಭಾವ ಬೀಡಿ ಹಚ್ಚಿಕೊಂಡು ಎದ್ದು ಹೋಗುತ್ತಿದ್ದರು. ನೂಲು ಅಂದದ್ದಕ್ಕೆ ಕೂತರು.

ಅವರಿಗೆ ಮೊಬೈಲಿನಲ್ಲಿ ಕೊಳ್ಳುವುದು ಹೊಸದೇನಲ್ಲ. ಗೂಡಿನ ಮಾರುಕಟ್ಟೆಯ ಹರಾಜು ಮೊಬೈಲಿಗೆ ಬಂದು ಎಷ್ಟೋ ಕಾಲವಾಗಿತ್ತು. ಲಾಟಿನ, ಅಂದರೆ ಗೂಡಿನ ರಾಶಿಯ, ನಂಬರು ಒತ್ತಿ, ರೇಟು ಒತ್ತಿ, ಕಾಯುವುದು ಕೈಗೆ ಬಂದಿತ್ತು. ಷೇರಿನ ಆ್ಯಪು ಅದರದೇ ತಮ್ಮನ ಹಾಗೆ ಕಂಡಿತು. ಒಂದೇ ಒಂದು ವ್ಯತ್ಯಾಸ. ಗೂಡಿನ ಮಾರುಕಟ್ಟೆಯಲ್ಲಿ ರೇಟು ಒತ್ತುವುದಕ್ಕೆ ಮೊದಲು ಭಾವ ಲಾಟಿನೊಳಗೆ ಮೊಣಕೈವರೆಗೂ ಕೈ ತೂರಿಸುತ್ತಾರೆ. ತಳದಿಂದ ಒಂದು ಹಿಡಿ ಗೂಡು ತೆಗೆದು ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಹುಳು ಲಟಲಟ ಅಂದರೆ ಗೂಡು ಚೆನ್ನಾಗಿದೆ. ಸದ್ದಿಲ್ಲದಿದ್ದರೆ ಹುಳು ಸತ್ತು ಕರಗಿದೆ, ನೂಲು ಹಾಳು. ಸರಕು ಚೆನ್ನಾಗಿದ್ದರೆ ಅವತ್ತು ಮಧ್ಯಾಹ್ನವೇ ಅದಕ್ಕೆ ತಕ್ಕ ರೇಟು ಬರುತ್ತದೆ. ನಡುವೆ ಇನ್ನೇನೂ ಇಲ್ಲ. ಇಡೀ ಜೀವನ ಅವರು ಹಾಗೆ ಬದುಕಿದವರು. ಕಂಪನಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಲು ಆಗದೆ ಅವರ ಕೈ ಚಡಪಡಿಸುತ್ತಿತ್ತು.

ಬೇಸಿನ್ನಿನ ಮುಂದೆ ಕೂರುತ್ತಿದ್ದದ್ದು ನಮ್ಮಕ್ಕ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಮಾಂಬಳ್ಳಿಯ ನಮ್ಮ ಮನೆಯಿಂದ ಮದುವೆಯಾಗಿ ಬಂದ ಮಾರನೇ ವಾರವೇ ಆ ಸ್ಟೂಲಿನ ಮೇಲೆ ಕೂತವಳು, ಇಪ್ಪತ್ತೆರಡು ವರ್ಷ ಅಲ್ಲೇ ಕೂತಿದ್ದಾಳೆ. ಗೂಡು ಕೊಳ್ಳುವುದು, ನೂಲು ಮಾರುವುದು, ಸೌದೆ ಹೊಂದಿಸುವುದು, ಕೂಲಿಯವರನ್ನು ನೋಡಿಕೊಳ್ಳುವುದು ಭಾವನ ಪಾಲು. ನೀರು ಅಕ್ಕನ ಪಾಲು. ಅವಳ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ, ಬೆಂದು ನೆರಿಗೆ ಬಿದ್ದು ಇರುತ್ತಿದ್ದವು. ಈಚೆಗೆ ಗೆಣ್ಣುಗಳ ಸಂದಿಯಲ್ಲಿ ಬಿರುಕು ಬಿಟ್ಟು ಕೀವು ಕಟ್ಟಲು ಶುರುವಾಯಿತು. ಅನ್ನ ಕಲಸಲು ಆಗದೆ ಚಮಚದಲ್ಲಿ ಉಣ್ಣುತ್ತಿದ್ದಳು. ಡಾಕ್ಟರು ಮುಲಾಮು ಕೊಟ್ಟು, ಮುಲಾಮಿನಿಂದ ಏನೂ ಆಗುವುದಿಲ್ಲ, ಕೈ ಬಿಸಿನೀರಿನಿಂದ ಆಚೆ ಬಂದರೆ ಮಾತ್ರ ವಾಸಿ ಅಂದರು. ಬೇರೆ ಹೆಂಗಸರನ್ನು ಕೂರಿಸೋಣವೆಂದರೆ ಈಗ ಆ ಕೆಲಸಕ್ಕೆ ಯಾರು ಬರುತ್ತಾರೆ? ಬಂದವರೂ ಎರಡು ದಿನಕ್ಕೆ ಗಾರ್ಮೆಂಟ್ಸ್ ಕಡೆ ಹೋಗುತ್ತಿದ್ದರು.

ಹಾಗಾಗಿ ಭಾವ ಒಂದು ಮಿಷನ್ನು ತರಲು ದುಡ್ಡು ಕೂಡಿಸಿದ್ದರು. ಎಳೆಯನ್ನು ತಾನೇ ಹುಡುಕಿ ಹಿಡಿಯುವಂಥದು. ಅದರ ಮುಂದೆ ನಿಂತವರು ನೀರು ಮುಟ್ಟಬೇಕಾಗಿಲ್ಲ. ಕೂಡಿಸಿದ್ದು ಚಿಕ್ಕದಕ್ಕೆ ಸಾಕಾಗುತ್ತಿತ್ತು, ದೊಡ್ಡದಕ್ಕೆ ಸಾಲುತ್ತಿರಲಿಲ್ಲ. ಚಿಕ್ಕದು ತಂದರೆ ಅದರ ಜೊತೆಗೆ ಹಳೆಯ ಬೇಸಿನ್ ಒಂದಾದರೂ ನಡೆಯಲೇಬೇಕು, ಅಂದರೆ ಅಕ್ಕ ಅರ್ಧ ದಿನ ಕೂರಲೇಬೇಕು. ದೊಡ್ಡದು ಬಂದರೆ ಅವಳ ಕೈ ಪೂರ್ತಿ ಆಚೆ. ಕಂಪನಿಯ ಷೇರು ಒಂದಕ್ಕೆ ಎರಡಾದರೆ ದೊಡ್ಡದು ಬರುತ್ತದೆ. ನಮ್ಮ ಮೂವರ ಹರಟೆಯ ಅಡಿಯಲ್ಲಿ ಇದ್ದದ್ದು ಇಷ್ಟೇ.

ಮೊದಮೊದಲು ಭಾವ ಸ್ವಲ್ಪ ಹಾಕಿ ನೋಡುತ್ತಿದ್ದರು. ವ್ಯಾಪಾರಿ ಅವರನ್ನೂ ನನ್ನನ್ನೂ ಮೊಬೈಲಿನ ಒಂದು ಗುಂಪಿಗೆ ಸೇರಿಸಿದರು. ಅದರಲ್ಲಿ ಈ ಒಂದೇ ಕಂಪನಿಯ ಷೇರು ಇಟ್ಟುಕೊಂಡ ಸಾವಿರಾರು ಮಂದಿ. ಯಾರು, ಎಲ್ಲಿಯವರು, ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ಬೆಳಗ್ಗೆ ಎದ್ದರೆ ಒಬ್ಬ ಕಂಪನಿಯ ಗೇಟಿನ ಫೋಟೋ ಹಾಕಿರುತ್ತಿದ್ದ. ಇನ್ನೊಬ್ಬ ಆಕಾಶದಿಂದ ತೆಗೆದ ಚಿತ್ರ ಹಾಕಿ, ಹಿಂದಿನ ವರ್ಷ ಇಲ್ಲದ ಒಂದು ತಗಡಿನ ಚಾವಣಿಗೆ ಕೆಂಪು ಗೆರೆ ಎಳೆದು, ಇದು ಹೊಸ ಕುಲುಮೆ ಅಂತ ಬರೆಯುತ್ತಿದ್ದ. ಕಂಪನಿಯ ಯಜಮಾನ ಯಾವುದೋ ಸಭೆಯಲ್ಲಿ ನಕ್ಕರೆ, ಆರ್ಡರ್ ಬಂದಿರುವುದಕ್ಕೇ ನಗುತ್ತಿದ್ದಾನೆ ಅಂತ ನಾಲ್ಕು ನೂರು ಜನ ಒಪ್ಪುತ್ತಿದ್ದರು. ನಗದಿದ್ದರೆ, ಗುಟ್ಟು ಬಿಟ್ಟುಕೊಡಬಾರದು ಅಂತ ಗಂಭೀರವಾಗಿದ್ದಾನೆ. ಮಕ್ಕಳು ಉತ್ತರ ಪತ್ರಿಕೆಯಲ್ಲಿ ಹೀಗೆ ಬರೆದರೆ ಸೊನ್ನೆ ಹಾಕುವ ಮನುಷ್ಯ ನಾನು. ಇಲ್ಲಿ ಮಾತ್ರ ಬಾಯಿ ಚಪ್ಪರಿಸಿಕೊಂಡು ಓದುತ್ತಿದ್ದೆ.

ವ್ಯಾಪಾರಿಗೆ ಕಾಣುತ್ತಿದ್ದದ್ದೆಲ್ಲ ಲಾರಿ. ಗೇಟಿನ ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದರು. ಗಡಿಯ ಕಡೆಯವರು, ಕನ್ನಡ ತಮಿಳು ಎರಡೂ ಒಂದೇ ಉಸಿರಲ್ಲಿ ಬರುತ್ತಿತ್ತು.

"ನೋಡಿ ಸಾ, ಟೈರ್ ನೋಡಿ. ಒತ್ತಿಕೊಂಡದೆ. ಲೋಡಾಗಿ ಆಚ್ಗೆ ಓಯ್ತಾ ಅದೆ ಗಾಡಿ. ಬರೀ ಗಾಡಿ ಟೈರ್ ಇಂಗಿರಲ್ಲ. ಕಂಡಿಪ್ಪಾ, ಖಂಡಿತಾ ಮಾಲ್ ಓಯ್ತಾ ಅದೆ."

"ಬರೋ ಗಾಡಿನೂ ಆಗಿರಬಹುದಲ್ಲ," ಅಂದೆ ನಾನು.

"ಬರೋ ಗಾಡಿ ಆದ್ರೆ ಇನ್ನೂ ಒಳ್ಳೇದು ಸಾ. ಕಚ್ಚಾ ಮಾಲ್ ತರಿಸ್ತಾ ಅವ್ರೆ ಅಂದ್ರೆ ಆರ್ಡರ್ ಅದೆ ಅಂತಲ್ವಾ?"

ಭಾವ ಹಬೆಯೊಳಗಿಂದ ತಲೆ ಆಡಿಸುತ್ತಿದ್ದರು. ಹೋಗುವ ಗಾಡಿಯೂ ಒಳ್ಳೆಯದು, ಬರುವ ಗಾಡಿಯೂ ಒಳ್ಳೆಯದು, ನಿಂತ ಗಾಡಿಯಾದರೂ ಏನೋ ಒಂದು ಒಳ್ಳೆಯದು ಇದ್ದೇ ಇರುತ್ತಿತ್ತು. ಆ ದಿನಗಳಲ್ಲಿ ನಮಗೆ ಕೆಟ್ಟ ಸುದ್ದಿ ಸಿಗುವುದೇ ಕಷ್ಟವಾಗಿತ್ತು.

ಒಂದು ಭಾನುವಾರ ವ್ಯಾಪಾರಿ ಅಂಗಿಯ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದರು. ಕೊಯಮತ್ತೂರಿನ ವರ್ಕ್‌ಶಾಪೊಂದರಲ್ಲಿ ಅವರ ಷಡ್ಡಕ ಕೆಲಸದಲ್ಲಿದ್ದರು. ಅಲ್ಲಿಗೆ ಇದೇ ಕಂಪನಿಯ ನೂಲು ಸ್ಯಾಂಪಲ್ಲಿಗೆ ಬಂದಿತ್ತಂತೆ, ಅದರಲ್ಲಿ ಒಂದು ಮೊಳ ಕತ್ತರಿಸಿ ಕೊಟ್ಟಿದ್ದರು. ಪೊಟ್ಟಣ ಬಿಚ್ಚಿದಾಗ ಅದರೊಳಗೆ ಕಪ್ಪಗೆ, ಎಣ್ಣೆ ಹಚ್ಚಿದ ಜಡೆಯ ತುದಿಯ ಹಾಗೆ ಹೊಳೆಯುತ್ತ ಮಲಗಿತ್ತು. ನಾವು ಮೂವರೂ ಬಗ್ಗಿ ನೋಡಿದೆವು. ಮೊಬೈಲಿನ ಗಾಜಿನೊಳಗೆ ಮೂರು ತಿಂಗಳು ಕಂಡದ್ದು ಹೀಗೆ ಅಂಗೈಗೆ ಬಂತಲ್ಲ ಅಂತ ನನಗೆ ಮೈ ಜುಮ್ಮೆಂದಿತು.

ಭಾವನಿಗೆ ಜೀವ ಬಂದ ಹಾಗಾಯಿತು. ಕೈ ಒರೆಸಿಕೊಂಡು, ಒಂದೇ ಒಂದು ಎಳೆ ಬಿಡಿಸಿ, ಬೆಳಕಿಗೆ ಹಿಡಿದರು. ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದರು. ತುಟಿಯ ಮೇಲೆ ಎಳೆದುಕೊಂಡರು. ಒರಟೋ ನುಣುಪೋ ಬೆರಳಿಗಿಂತ ತುಟಿಗೆ ಬೇಗ ಗೊತ್ತಾಗುತ್ತದೆ. ಕೊನೆಗೆ ಒಲೆಯ ಬಾಯಿಂದ ಒಂದು ಉರಿಯುವ ಕಡ್ಡಿ ತಂದು ತುದಿಗೆ ಹಿಡಿದರು. ರೇಷ್ಮೆ ನಿಜವೋ ಸುಳ್ಳೋ ನೋಡುವುದು ಹೀಗೆ. ನಿಜವಾದ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಮುಟ್ಟಿದರೆ ಪುಡಿಯಾಗುವ ಬೂದಿಯಾಗುತ್ತದೆ. ಈ ಎಳೆ ಕೆಂಪಗೆ ಕಾದಿತು. ಕಡ್ಡಿ ತೆಗೆದರೆ ಮತ್ತೆ ಕಪ್ಪು. ವಾಸನೆ ಇಲ್ಲ, ಬೂದಿ ಇಲ್ಲ.

"ಉರೀನೇ ಇಲ್ವಲ್ಲಾ," ಅಂದರು ಭಾವ, ಪಿಸುಗುಟ್ಟಿದ ಹಾಗೆ.

ಅಕ್ಕ ರಾಟೆ ನಿಲ್ಲಿಸಿ ಎದ್ದು ಬಂದಳು. ಒದ್ದೆ ಕೈಯಲ್ಲೇ ಎರಡು ಎಳೆ ತೆಗೆದುಕೊಂಡು, ತಾನು ದಿನಕ್ಕೆ ಸಾವಿರ ಸಲ ಮಾಡುವ ಹಾಗೆ, ತುದಿಗೆ ತುದಿ ಸೇರಿಸಿ ಗಂಟು ಬಿಗಿದಳು. ಪಟ್ಟನೆ ಮುರಿಯಿತು. ಇನ್ನೊಂದು ಸಲ ಬಿಗಿದಳು. ಅದೂ ಮುರಿಯಿತು.

"ಗಂಟು ತಡೀದ ನೂಲೂ ಒಂದ್ ನೂಲಾ?" ಅಂದಳು. "ಇದ್ನ ಯಾರ್ ತಕತ್ತಾರೆ?"

ನಾವು ಮೂವರೂ ನಕ್ಕೆವು. ನಾನೇ ಮೇಷ್ಟ್ರ ಗತ್ತಿನಲ್ಲಿ ವಿವರಿಸಿದೆ. ಈ ನೂಲಿಗೆ ಗಂಟು ಹಾಕುವುದಿಲ್ಲಕ್ಕ, ಬಟ್ಟೆಯ ಹಾಗೆ ನೇಯ್ದು ಅಂಟಿನಲ್ಲಿ ಅದ್ದಿ ಒಣಗಿಸುತ್ತಾರೆ, ಎಳೆದರೆ ಬಲ, ಬಗ್ಗಿಸಿದರೆ ಮುರಿಯುತ್ತದೆ ಅಂತೆಲ್ಲ. ನಾನು ಹೇಳಿದ್ದು ಪುಸ್ತಕದ ಪ್ರಕಾರ ಸರಿಯಾಗಿಯೇ ಇತ್ತು. ಆದರೆ ಅವಳು ಕೇಳಿದ್ದರಲ್ಲಿ ಎರಡನೆಯ ಪ್ರಶ್ನೆಗೆ, ಇದನ್ನು ಯಾರು ತೆಗೆದುಕೊಳ್ಳುತ್ತಾರೆ ಅನ್ನುವುದಕ್ಕೆ, ನಾನು ಉತ್ತರ ಹೇಳಲಿಲ್ಲ. ಕೇಳಿಸಿಯೇ ಇಲ್ಲವೇನೋ ಅನ್ನುವ ಹಾಗೆ ಮುಂದಕ್ಕೆ ಹೋದೆ. ಅವಳು ಭುಜ ಕುಣಿಸಿ ಮತ್ತೆ ನೀರಿಗೆ ಕೈ ಹಾಕಿದಳು.

ಭಾವ ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ನೀನ್ ಓದಿರೋನು. ಒಂದ್ ಮಾತ್ ಏಳಪ್ಪ. ಇದು ನಿಜ್ವಾದ್ ಸರ್ಕಾ?"

"ನಿಜವಾದ ಸರಕೇ ಭಾವ. ಅದರಲ್ಲಿ ಅನುಮಾನ ಇಲ್ಲ."

ಅಷ್ಟೇ ಅಂದಿದ್ದು ನಾನು. ಅವರಿಗೆ ಅದು ಸಾಕಾಗಿತ್ತು. ಗೂಡು ಕಿವಿಯ ಹತ್ತಿರ ಲಟಲಟ ಅಂದಿತ್ತು, ಇನ್ನು ರೇಟು ಬರುವುದೊಂದೇ ಬಾಕಿ. ಮಾರನೇ ದಿನ ಬೆಳಗ್ಗೆ ಒಂಬತ್ತೂಕಾಲಿಗೆ ಪೇಟೆ ತೆರೆದ ಕೂಡಲೇ ಮಿಷನ್ನಿನ ದುಡ್ಡನ್ನೆಲ್ಲ ಕಂಪನಿಗೆ ಹಾಕಿದರು. ಹಾಕಿದ ಮೇಲೆ ಫೋನ್ ಮಾಡಿ ಹೇಳಿದರು. ನಾನು ಆಗ ಪ್ರಾರ್ಥನೆಗೆ ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದೆ. "ಒಳ್ಳೇದಾಯ್ತು ಭಾವ" ಅಂದೆ.

ಬೆಲೆ ಏರಿತು. ಸುಳ್ಳು ಹೇಳಬಾರದು, ಏರಿತು. ದಿನಾ ಸ್ವಲ್ಪ ಸ್ವಲ್ಪ, ಒಲೆಯ ಮೇಲಿಟ್ಟ ಹಾಲಿನ ಹಾಗೆ. ಆ ನಾಲ್ಕು ತಿಂಗಳು ನನ್ನ ನೆನಪಿನಲ್ಲಿ ಒಂದೇ ಉದ್ದನೆಯ ಬೆಳಗಾಗಿ ಉಳಿದುಬಿಟ್ಟಿದೆ. ಯಳಂದೂರಿನಲ್ಲಿ ಹೊಳೆಯ ಮೇಲಿನ ಮಂಜು, ಬಸ್ಸಿನ ಕಿಟಕಿಯಾಚೆ ಕಬ್ಬು, ಗದ್ದೆಯ ಬದುವಿನಲ್ಲಿ ಹಲ್ಲುಜ್ಜುತ್ತ ಮೊಬೈಲು ನೋಡುವ ಮನುಷ್ಯ. ಇವನೂ ನಮ್ಮ ಗುಂಪಿನವನೇ ಇರಬಹುದು ಅಂದುಕೊಳ್ಳುತ್ತಿದ್ದೆ. ಪಾಠ ಮಾಡುವಾಗ ಇಂಗಾಲ ಬಂದರೆ ನನ್ನ ದನಿ ಏರುತ್ತಿತ್ತು. ನಾನೂ ಸಂಬಳದಲ್ಲಿ ಉಳಿದದ್ದನ್ನು ಹಾಕಿದ್ದೆ, ಆದರೆ ಏರುತ್ತಿದ್ದದ್ದು ಅದಲ್ಲ. ಇಪ್ಪತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದು ಅಳಿಸಿದ ಮಾತು ಎಲ್ಲೋ ನಿಜವಾಗಿ, ಹೊಳೆಯುವ ನೂಲಾಗಿ, ನಮ್ಮ ಅಕ್ಕನ ಮನೆಯ ಬಾಗಿಲಿಗೆ ಬಂದಿದೆ ಅನ್ನುವ ಖುಷಿ. ಭಾವ ನಾಲ್ಕು ಜನರ ಮುಂದೆ "ನಮ್ ಮೇಷ್ಟ್ರು ಏಳವ್ರೆ" ಅಂದಾಗ ನನಗೆ ಹೇಳಿಕೊಳ್ಳಲಾಗದ ಹಿಗ್ಗು. ಬಾಯಿಬಿಟ್ಟು ಹೇಳಿಬಿಡುತ್ತೇನೆ, ಆ ಹಿಗ್ಗೇ ನನ್ನನ್ನು ಕೆಡಿಸಿತು.

ಒಮ್ಮೆ ಮೂವರೂ ಬಂಡಳ್ಳಿಗೆ ಹೋಗಿದ್ದೆವು, ವ್ಯಾಪಾರಿಯ ಮನೆಗೆ ಊಟಕ್ಕೆ. ಊಟವಾದ ಮೇಲೆ ಜೋಳದ ರಾಶಿಯ ಪಕ್ಕ ಚಾಪೆಯ ಮೇಲೆ ಮಲಗಿದೆವು. ಬೆಟ್ಟದ ಸಾಲು ಬಿಸಿಲಲ್ಲಿ ಕರಗಿದ ಹಾಗೆ ಕಾಣುತ್ತಿತ್ತು. ಅಲ್ಲಿ ಭಾವ ಕಣ್ಣು ಮುಚ್ಚಿಕೊಂಡು ತಮ್ಮ ಶೆಡ್ಡನ್ನು ವರ್ಣಿಸಿದರು. ಹಬೆ ಇಲ್ಲದ ಶೆಡ್ಡು. ಗೋಡೆಗೆ ಸುಣ್ಣ. ನಡುವೆ ಉದ್ದಕ್ಕೆ ಮಿಷನ್ನು. ಅದರ ಆ ಕೊನೆಯಲ್ಲಿ ಅಕ್ಕ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಣಗಿದ ಕೈ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಾಳೆ.

"ಅವ್ಳು ಗೋರಂಟಿ ಆಕಂಡಿದ್ದು ಮದ್ವೇಲಿ ಒಂದೇ ಕಿತ," ಅಂದರು. "ಆಮೇಲ್ ಆಕಂಡ್ರೂ ನಿಲ್ನಿಲ್ಲ. ಬೆಳಿಗ್ಗೆ ನೀರಿಗ್ ಕೈ ಆಕುದ್ರೆ ಸಂಜ್ಗೆ ಬಣ್ಣನೇ ಇರ್ತಿರ್ನಿಲ್ಲ."

ಅವರ ಬಾಯಿಂದ ಅಂಥ ಮಾತು ನಾನು ಅದುವರೆಗೆ ಕೇಳಿರಲಿಲ್ಲ. ನಾನು ಬೆಟ್ಟ ನೋಡಿದೆ.

ಅದಕ್ಕೆ ಸರಿಯಾಗಿ ಎರಡು ದಿನ ಮೊದಲು ನಾನು ಒಂದು ಕಾಗದ ಓದಿದ್ದೆ. ಕಂಪನಿಯೇ ಷೇರುಪೇಟೆಗೆ ಕೊಟ್ಟದ್ದು, ಇಂಗ್ಲಿಷಿನಲ್ಲಿ, ಬಹಳ ಪುಟ. ಅಂಥದ್ದನ್ನು ಓದಿ ಇವರಿಬ್ಬರಿಗೂ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಗುಂಪಿನಲ್ಲಿ ಯಾರೂ ಅಷ್ಟು ಉದ್ದದ್ದನ್ನು ಓದುತ್ತಿರಲಿಲ್ಲ. ಒಳಗೆ ಎಲ್ಲೋ ನಡುವಿನ ಪುಟದಲ್ಲಿ ಸಣ್ಣಕ್ಷರದಲ್ಲಿ ಹೀಗಿತ್ತು: ವಿಮಾನದವರು ಹೊಸ ನೂಲನ್ನು ತೆಗೆದುಕೊಳ್ಳುವ ಮೊದಲು ವರ್ಷಗಟ್ಟಲೆ ಪರೀಕ್ಷೆ ಮಾಡುತ್ತಾರೆ, ಅಲ್ಲಿಯವರೆಗೆ ದೊಡ್ಡ ಆರ್ಡರ್ ನಿರೀಕ್ಷಿಸುವ ಹಾಗಿಲ್ಲ, ಅಲ್ಲಿಯವರೆಗೆ ಕಂಪನಿ ನಡೆಯಲು ಇನ್ನಷ್ಟು ಬಂಡವಾಳ ಬೇಕಾಗಬಹುದು. ಬಸ್ಸಿನಲ್ಲಿ ಮೊಬೈಲು ಹಿಡಿದು ಓದಿದ್ದೆ. ಓದಿ, ಮೊಬೈಲು ಜೇಬಿಗಿಟ್ಟು, ಕಿಟಕಿಯಾಚೆ ನೋಡುತ್ತ ಕೂತಿದ್ದೆ.

ಬಂಡಳ್ಳಿಗೆ ಹೋದಾಗ ಹೇಳಬೇಕು ಅಂತಲೇ ಹೋಗಿದ್ದೆ. ಆ ಗೋರಂಟಿಯ ಮಾತಾದ ಮೇಲೆ ಬಾಯಿ ಬರಲಿಲ್ಲ. ಆಮೇಲೆ ಹೇಳೋಣ ಅಂದುಕೊಂಡೆ. ಆಮೇಲಿನ ಭಾನುವಾರ ಬೆಲೆ ಇನ್ನೂ ಮೇಲಿತ್ತು, ಒಂದಕ್ಕೆ ಎರಡಾಗಲು ಇನ್ನು ಸ್ವಲ್ಪವೇ ಬಾಕಿ. ಈಗ ಹೇಳಿ ಇವರು ಮಾರಿಬಿಟ್ಟು, ಆಮೇಲೆ ಅದು ಏರಿದರೆ? ದೊಡ್ಡ ಮಿಷನ್ನು ನನ್ನಿಂದ ತಪ್ಪಿತು ಅಂತಾಗುವುದಿಲ್ಲವೇ? ಹೀಗೆ ನಾನೇ ನನಗೆ ವಕೀಲನಾದೆ. ಭಾವ "ಕಾಗ್ದದಲ್ಲಿ ಏನಾದ್ರೂ ಬಂತಾ ಮೇಷ್ಟ್ರೇ?" ಅಂತ ಕೇಳಿದ್ದೂ ಉಂಟು. "ವಿಶೇಷ ಏನಿಲ್ಲ ಭಾವ" ಅಂದದ್ದೂ ಉಂಟು.

ಇಳಿಯುವುದಕ್ಕೆ ಏರಿದಷ್ಟು ಕಾಲ ಹಿಡಿಯಲಿಲ್ಲ. ಕಂಪನಿ ಹೊಸ ಬಂಡವಾಳ ಎತ್ತುತ್ತೇವೆ ಅಂತ ಒಂದು ದಿನ ಹೇಳಿತು. ಆರ್ಡರ್ ಎಲ್ಲಿ ಅಂತ ಯಾರೋ ಕೇಳಿದ್ದಕ್ಕೆ, ಪರೀಕ್ಷೆ ನಡೆಯುತ್ತಿದೆ ಅಂದಿತು. ನಾನು ಓದಿದ್ದ ಮಾತೇ. ಮಾರನೇ ಬೆಳಗ್ಗೆಯಿಂದ ಷೇರು ಕೊಳ್ಳುವವರೇ ಇರಲಿಲ್ಲ. ಮಾರುತ್ತೇವೆ ಅಂದರೂ ಮಾರಲಾಗದೆ ಭಾವ ದಿನಾ ಮೊಬೈಲು ಹಿಡಿದು ನಿಂತಿರುತ್ತಿದ್ದರಂತೆ. ಕೈಗೆ ಸಿಕ್ಕಾಗ ಮಿಷನ್ನಿನ ದುಡ್ಡಿನಲ್ಲಿ ಮೂರನೆಯ ಒಂದು ಪಾಲೂ ಉಳಿದಿರಲಿಲ್ಲ. ದೊಡ್ಡದಿರಲಿ, ಚಿಕ್ಕ ಮಿಷನ್ನೂ ಹೋಯಿತು. ಗುಂಪಿನಲ್ಲಿ ಒಬ್ಬೊಬ್ಬರೇ ಸದ್ದಿಲ್ಲದೆ ಹೊರಬಿದ್ದರು. ವ್ಯಾಪಾರಿ ತಮ್ಮದಕ್ಕಿಂತ ಭಾವನದಕ್ಕೆ ಹೆಚ್ಚು ನೊಂದುಕೊಂಡು, ಮುಖ ತೋರಿಸಲು ನಾಚಿಕೆಯಾಗಿ, ಬರುವುದು ನಿಲ್ಲಿಸಿದರು.

ಭಾವ ನನಗೆ ಒಂದೇ ಸಲ ಫೋನ್ ಮಾಡಿದರು. ದನಿಯಲ್ಲಿ ಕೋಪವಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

"ನೂಲು ಚೆಂದಾಗೇ ಅದಲ್ಲಾ ಮೇಷ್ಟ್ರೇ," ಅಂದರು. "ಅದೇನ್ ಕೆಟ್ಟಿಲ್ವಲ್ಲ. ಮತ್ಯಾಕಪ್ಪ ಇಂಗಾಯ್ತು?"

ಗೂಡು ಚೆನ್ನಾಗಿದ್ದೂ ರೇಟು ಬಾರದೆ ಹೋಗುವ ಮಾರುಕಟ್ಟೆ ಒಂದಿದೆ ಅನ್ನುವುದು ಅವರ ಮನಸ್ಸಿಗೆ ಇಳಿಯುತ್ತಿರಲಿಲ್ಲ. ಕ್ಲಾಸಿಗೆ ಗಂಟೆ ಹೊಡೆಯಿತು ಅಂತ ಹೇಳಿ ಫೋನ್ ಇಟ್ಟೆ. ಆಮೇಲೆ ಮೂರು ಭಾನುವಾರ ಕೊಳ್ಳೇಗಾಲಕ್ಕೆ ಹೋಗಲಿಲ್ಲ. ಪರೀಕ್ಷೆ ಪೇಪರು ತಿದ್ದುವುದಿದೆ ಅಂತ ಸುಳ್ಳು ಹೇಳಿದೆ.

ನಾಲ್ಕನೆಯ ಭಾನುವಾರ ಅಕ್ಕನೇ ಫೋನ್ ಮಾಡಿದಳು. "ಬಂದು ನಿಮ್ ಭಾವಂಗೆ ಬುದ್ಧಿ ಏಳು ಮೊಗ. ನನ್ನ ಬೇಸಿನ್ ಮುಂದ್ಕೆ ಕೂರಕ್ಕೇ ಬುಡ್ತಿಲ್ಲ. ಅವ್ರೇ ಕೂತ್ಕಂಡವ್ರೆ. ನೂಲ್ನೆಲ್ಲಾ ಕೆಡ್ಸಾಕ್ತಾವ್ರೆ."

ಹೋದೆ. ಅಕ್ಕ ಮನೆಯ ಮುಂದಿನ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತ ಕೂತಿದ್ದಳು. ಶೆಡ್ಡಿನಿಂದ ರಾಟೆಯ ಸದ್ದು ಬರುತ್ತಿತ್ತು, ಬಿಟ್ಟು ಬಿಟ್ಟು ಬರುತ್ತಿತ್ತು. ಅವಳ ಪಕ್ಕ ಕೂತು, ತಲೆ ತಗ್ಗಿಸಿ, ಎಲ್ಲ ಹೇಳಿಬಿಟ್ಟೆ. ಬಸ್ಸಿನಲ್ಲಿ ಓದಿದ ಕಾಗದ, ಬಂಡಳ್ಳಿಯಲ್ಲಿ ನುಂಗಿಕೊಂಡ ಮಾತು, ವಿಶೇಷ ಏನಿಲ್ಲ ಅಂದದ್ದು. ನಲವತ್ತು ದಾಟಿದ ಮನುಷ್ಯ, ಅಕ್ಕನ ಮುಂದೆ ಅಳು ಬಂತು.

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನೀನು ಏನೋ ಮುಚ್ಚಿಟ್ಟಿದ್ದೀಯ ಅಂತ ನಂಗ್ ಆಗ್ಲೇ ಗೊತ್ತಿತ್ತು," ಅಂದಳು. "ಚಿಕ್ಕೋನಿದ್ದಾಗ್ಲೂ ಅಂಗೆ, ಮುಚ್ಚಿಟ್ರೆ ಜಾಸ್ತಿ ಮಾತಾಡ್ತಿದ್ದೆ."

"ಗೊತ್ತಿದ್ದೂ ನೀನ್ಯಾಕೆ ಕೇಳಲಿಲ್ಲ?"

ಅವಳು ಒಂದು ಹಣ್ಣೆಲೆ ಆರಿಸಿ ಆಚೆ ಎಸೆದಳು. "ಆ ನಾಕು ತಿಂಗ್ಳು ನಿಮ್ ಭಾವ ದಿನಾ ಸಂಜ್ಗೆ ನನ್ನ ಕೈ ತಿರುಗ್ಸಿ ನೋಡೋರು. ಇನ್ನೊಸಿ ದಿನ ತಡಕೋ ಅನ್ನೋರು. ಅದು ನಿಂತೋದಾತು ಅಂತ ಸುಮ್ಕಿದ್ದೆ." ಆಮೇಲೆ ಮೊರ ಪಕ್ಕಕ್ಕಿಟ್ಟು, "ಓಗಿ ಅವ್ರಿಗೂ ಏಳು. ತಪ್ಪೆಲ್ಲಾ ನಂದೇ ಅಂತ ಒಬ್ರೇ ಒತ್ಕಂಡು ಕೂತವ್ರೆ," ಅಂದಳು.

ಶೆಡ್ಡಿಗೆ ಹೋದೆ. ಭಾವ ತಗ್ಗಾದ ಆ ಸ್ಟೂಲಿನ ಮೇಲೆ, ಮೊಣಕಾಲು ಎದೆಗೆ ತಾಗುವ ಹಾಗೆ, ಲುಂಗಿ ಎತ್ತಿ ಕಟ್ಟಿಕೊಂಡು ಕೂತಿದ್ದರು. ಎಳೆ ಹುಡುಕುತ್ತಿದ್ದರು. ಸಿಕ್ಕಿದ್ದು ತಪ್ಪುತ್ತಿತ್ತು, ತಪ್ಪಿದ್ದನ್ನು ಹಿಡಿಯುವಷ್ಟರಲ್ಲಿ ಇನ್ನೊಂದು ತುಂಡಾಗುತ್ತಿತ್ತು, ರಾಟೆ ನಿಲ್ಲಿಸಬೇಕಾಗುತ್ತಿತ್ತು. ಅವರು ಸುತ್ತಿದ ನೂಲು ಗಂಟುಗಂಟಾಗಿ, ದಪ್ಪ ತೆಳುವಾಗಿ, ನೋಡಿದರೆ ಅಯ್ಯೋ ಅನ್ನಿಸುವ ಹಾಗಿತ್ತು. ಅಂಥ ನೂಲನ್ನು ಬೇರೆ ಯಾರಾದರೂ ತಂದಿದ್ದರೆ ಅವರೇ ಮುಖಕ್ಕೆ ಎಸೆಯುತ್ತಿದ್ದರು.

ನಾನು ನಿಂತೇ ಹೇಳಿದೆ. ಕಾಗದ ಓದಿದ್ದೆ, ಗೊತ್ತಿತ್ತು, ಹೇಳಲಿಲ್ಲ. ನೀವು ಕೇಳಿದಾಗಲೂ ಹೇಳಲಿಲ್ಲ. ನನಗೆ ಗೊತ್ತಿದ್ದದ್ದು ನೂಲಿನ ವಿಷಯ ಮಾತ್ರ ಭಾವ, ಕಂಪನಿಯ ವಿಷಯ ಗೊತ್ತಿಲ್ಲ ಅಂತ ಮೊದಲ ದಿನವೇ ಅನ್ನಬೇಕಿತ್ತು, ಅನ್ನಲಿಲ್ಲ.

ನೀರಿನಲ್ಲಿ ಒಂದು ಗೂಡು ಭಾವನ ಬೆರಳಿಗೆ ಸಿಗದೆ ಸುತ್ತುತ್ತಿತ್ತು. ಅದನ್ನು ಹಿಡಿದು, ಎಳೆ ಎಳೆದು, ರಾಟೆಗೆ ಬಿಟ್ಟರು. ಕೈ ಆಚೆ ತೆಗೆದು ಒಂದು ಗಳಿಗೆ ಗಾಳಿಗೆ ಹಿಡಿದರು. ಹತ್ತು ಬೆರಳೂ ಕೆಂಪಗೆ ಊದಿದ್ದವು, ಎರಡು ಕಡೆ ಬೊಬ್ಬೆ ಎದ್ದಿತ್ತು.

"ಆಗ್ಲಿ ಬುಡಪ್ಪ," ಅಂದರು. "ನೀನ್ ಒಂದ್ ಕಾಗ್ದ ಏಳ್ನಿಲ್ಲ. ನಾನು ಇಪ್ಪತ್ತೆರಡ್ ವರ್ಸ ಎದುರ್ಗೇ ಇದ್ದೆ ಕಣಪ್ಪಾ. ಈ ನೀರು ಇಷ್ಟೊಂದ್ ಸುಡ್ತದೆ ಅಂತ ನಂಗ್ ಗೊತ್ತೇ ಇರ್ನಿಲ್ಲ."

ಮತ್ತೆ ಎರಡೂ ಕೈ ನೀರಿಗೆ ಹಾಕಿದರು.